ಗಿರಣಿಗೆಂದು ತಂದ ಜೀಪು

ಗಜೇಂದ್ರಗಡದ ಗುಡ್ಡದ ಬುಡದಲ್ಲಿ, ಕಲ್ಲು ಒಡೆಯುವ ಜಾಗದ ಪಕ್ಕ, ಬೇವಿನ ಗಿಡದ ಕೆಳಗೆ ಆ ಜೀಪು ಎಡಕ್ಕೆ ವಾಲಿಕೊಂಡು ನಿಂತಿತ್ತು. ಮುಂದಿನ ಎಡಗಡೆಯ ಸ್ಪ್ರಿಂಗಿನ ಪಟ್ಟಿ ಮುರಿದಿತ್ತು. ಬಾನೆಟ್ಟಿನ ಮೇಲೆ ಕಲ್ಲಿನ ಪುಡಿ ಬೂದಿಯಂತೆ ಕೂತಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿಗಳಲ್ಲಿ ಅದೂ ಒಂದು. ಕಲ್ಲಿನ ಗುತ್ತಿಗೆದಾರನೊಬ್ಬ ಅದನ್ನು ಸಾಕೆನಿಸುವಷ್ಟು ದುಡಿಸಿ, ಕೆಲಸ ಮುಗಿದ ಮೇಲೆ ಅಲ್ಲಿಯೇ ಬಿಟ್ಟಿದ್ದ. ನನ್ನ ಅಣ್ಣ ಅದನ್ನು ಕೊಂಡಿದ್ದ. ಓಡಿಸಲಿಕ್ಕಲ್ಲ, ಒಡೆಯಲಿಕ್ಕೆ.

"ಗಾಡಿ ಗೀಡಿ ನನಗ ಬ್ಯಾಡ," ಅಂದ ಅಣ್ಣ. "ಇಂಜಿನ್ ಜೀವಂತ ಐತೋ ಇಲ್ಲೋ, ಅಷ್ಟ ನೋಡಿ ಹೇಳು."

ರೋಣದಲ್ಲಿ ಅಣ್ಣನದೊಂದು ಹಿಟ್ಟಿನ ಗಿರಣಿ ಇತ್ತು. ಅದರ ಹಳೆಯ ಆಯಿಲ್ ಇಂಜಿನ್ನಿನ ಕ್ರ್ಯಾಂಕು ಸೀಳಿ, ಗದಗಿನ ವರ್ಕ್‌ಶಾಪಿನವರೂ ಬೆಸುಗೆ ನಿಲ್ಲುವುದಿಲ್ಲ ಎಂದು ಕೈಬಿಟ್ಟಿದ್ದರು. ಗಿರಣಿಯ ಬಾಗಿಲು ಮುಚ್ಚಿತ್ತು. ಹುಬ್ಬಳ್ಳಿಯ ಫಿಟರ್ ಒಬ್ಬ, ಜೀಪಿನ ಇಂಜಿನ್ನನ್ನು ಕಳಚಿ ಸಿಮೆಂಟಿನ ಕಟ್ಟೆಯ ಮೇಲೆ ಕೂರಿಸಿ, ಪೆಟ್ರೋಲಿನಿಂದ ಚಾಲೂ ಮಾಡಿ ಸೀಮೆಎಣ್ಣೆಯ ಮೇಲೆ ಓಡಿಸಿ ಕೊಡುತ್ತೇನೆಂದು ಅಣ್ಣನಿಗೆ ಮಾತು ಕೊಟ್ಟಿದ್ದ.

ನಾನು ಯುದ್ಧದ ಕಾಲದಲ್ಲಿ ಮಿಲಿಟರಿ ಮೋಟಾರು ವರ್ಕ್‌ಶಾಪಿನಲ್ಲಿದ್ದವನು. ಇಂಥ ಜೀಪುಗಳ ಹೊಟ್ಟೆಯ ಕೆಳಗೆ ಮಲಗಿ ದಿನಗಳನ್ನು ಕಳೆದಿದ್ದೆ. ಊರಿಗೆ ಬಂದ ಮೇಲೆ ಗಿರಣಿ, ಪಂಪು, ಗಾಣಗಳ ರಿಪೇರಿ ಮಾಡಿಕೊಂಡಿದ್ದೆ, ಕೈಗೆ ಕೆಲಸವಿತ್ತು. ಆದರೆ ಆ ಬಾನೆಟ್ಟಿನ ಕೊಕ್ಕೆ ಬಿಚ್ಚಿ ಒಳಗೆ ಬಗ್ಗಿದ ಗಳಿಗೆಯಲ್ಲಿ ನನ್ನ ಎದೆ ಹೇಗೆ ಹೊಡೆದುಕೊಂಡಿತೆಂದರೆ, ಅಣ್ಣನಿಗೆ ಅದು ಕೇಳಿಸೀತೇನೋ ಎಂದು ಹೆದರಿದೆ.

ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದೇ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಹ್ಯಾಂಡಲ್ ತಿರುಗಿಸಲು ಅಣ್ಣನಿಗೆ ಹೇಳಿದೆ. ಮೂರು ಸಿಲಿಂಡರುಗಳು ಗಾಳಿಯ ಒತ್ತಡಕ್ಕೆ ಬೆರಳನ್ನು ಹೊರಗೆ ತಳ್ಳಿದವು. ಒಂದು ಮಾತ್ರ ನಿಟ್ಟುಸಿರು ಬಿಟ್ಟಂತೆ ಸುಮ್ಮನಾಯಿತು. ಅದರೊಳಗೆ ಚಮಚೆಯಷ್ಟು ಆಯಿಲ್ ಸುರಿದು ಮತ್ತೆ ನೋಡಿದೆ. ಆಯಿಲ್ ಹಾಕಿದ ಮೇಲೆ ಒತ್ತಡ ಏರಿದರೆ ಪಿಸ್ಟನ್ನಿನ ರಿಂಗುಗಳು ಸವೆದಿವೆ ಎಂದರ್ಥ, ಅದು ದೊಡ್ಡ ಕೆಲಸ. ಏರಲಿಲ್ಲ. ಅಂದರೆ ವಾಲ್ವು ಕೂರುತ್ತಿಲ್ಲ, ಅಷ್ಟೇ. ವಾಲ್ವನ್ನು ಉಜ್ಜಿ ಕೂರಿಸಬಹುದು.

"ಜೀವಂತ ಐತಿ," ಅಂದೆ. "ಆದ್ರ ಇದನ್ನ ಬಂಡಿಮ್ಯಾಲೆ ಹೇರಿ ಒಯ್ಯೋದು ಬ್ಯಾಡ ಅಣ್ಣಾ. ನಾ ಇಲ್ಲೇ ರಿಪೇರಿ ಮಾಡತೀನಿ. ತನ್ನ ಕಾಲಮ್ಯಾಲೆ ರೋಣಕ್ಕ ಬಂತಂದ್ರ, ಫಿಟರ್ ಬರೂಮಟ ಅದನ್ನ ಬಿಚ್ಚಬಾರದು. ಕಬೂಲೇನು?"

"ಬಂದ್ರ ತಾನ?" ಅಣ್ಣ ನಕ್ಕ. "ಕಬೂಲ್."

ಆ ಗಿಡದ ಕೆಳಗೇ ನನ್ನ ವರ್ಕ್‌ಶಾಪು ಶುರುವಾಯಿತು. ಇಂಜಿನ್ನಿನ ತಲೆ ಎತ್ತಿದರೆ ಈ ಜೀಪುಗಳಲ್ಲಿ ವಾಲ್ವುಗಳು ಅಲ್ಲಿಯೇ ಕಣ್ಣೆದುರು ಕೂತಿರುತ್ತವೆ. ಅಪರಾಧಿ ವಾಲ್ವಿನ ಅಂಚು ಸುಟ್ಟು ಕಪ್ಪಾಗಿತ್ತು. ಉಜ್ಜುವ ಪೇಸ್ಟು ಹಚ್ಚಿ, ಅಂಗೈಗಳ ನಡುವೆ ಕಡಗೋಲು ತಿರುವಿದಂತೆ ತಿರುವಿ ತಿರುವಿ, ಅಂಚಿನ ಸುತ್ತ ಮಸುಕಾದ ಬೆಳ್ಳಿಯ ಉಂಗುರ ಮೂಡುವವರೆಗೆ ಬಿಡಲಿಲ್ಲ. ಮೇಲೆ ಸೀಮೆಎಣ್ಣೆ ಸುರಿದೆ. ಒಂದು ಹನಿಯೂ ಕೆಳಗೆ ಇಳಿಯಲಿಲ್ಲ. ಹೊಸ ಗ್ಯಾಸ್ಕೆಟ್ ಸಿಗುವಂತಿರಲಿಲ್ಲ. ಹಳೆಯದೇ ತಾಮ್ರದ್ದನ್ನು ಊರ ಕಮ್ಮಾರನ ಕುಲುಮೆಯಲ್ಲಿ ಕಾಸಿ ಮೆತ್ತಗೆ ಮಾಡಿದೆ. ಮುರಿದ ಸ್ಪ್ರಿಂಗಿಗೆ ಅದೇ ಕಮ್ಮಾರ ಎರಡು ಬಿಗಿ ಪಟ್ಟಿ ಬಡಿದುಕೊಟ್ಟ. ರೇಡಿಯೇಟರಿನ ತೂತಿಗೆ ಬೆಸುಗೆ ಹಾಕಿದೆ. ಕಾಲು ಬ್ರೇಕು ಮಾತ್ರ ಸತ್ತೇ ಹೋಗಿತ್ತು. ಅದರ ರಬ್ಬರುಗಳು ಗದಗಿನಿಂದ ಬರಬೇಕಿತ್ತು. ಕೈಬ್ರೇಕು ಹಿಡಿಯುತ್ತಿತ್ತು.

ಹ್ಯಾಂಡಲ್ ಹೊಡೆದಾಗ ಮೊದಲು ಒಂದು ಕೆಮ್ಮು ಬಂತು, ಆಮೇಲೆ ಹೊಗೆ. ಮತ್ತೊಮ್ಮೆ ಹೊಡೆದೆ. ಇಂಜಿನ್ ಹಿಡಿದುಕೊಂಡಿತು. ಒಂದು ಸಿಲಿಂಡರೂ ತಪ್ಪದೆ, ಸಮನಾಗಿ, ಚೆನ್ನಾಗಿ ತಿಂದ ಎತ್ತು ಮೆಲುಕು ಹಾಕಿದಂತೆ ಓಡತೊಡಗಿತು. ಕಲ್ಲೊಡೆಯುತ್ತಿದ್ದವರು ಸುತ್ತಿಗೆ ಕೆಳಗಿಟ್ಟು ಬಂದು ಸುತ್ತ ನಿಂತರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ. ಅಣ್ಣ ಮಾತ್ರ ಇಂಜಿನ್ನಿನ ಮೇಲೆ ಕೈಯಿಟ್ಟು, "ಗಿರಣಿ ಕಲ್ಲು ತಿರವತೈತಿ ಇದು," ಅಂದ.

ಸೂಡಿಯ ಮೇಲೆ ಹಾದು ರೋಣಕ್ಕೆ ಬಂದೆವು. ಅಣ್ಣ ಪಕ್ಕದಲ್ಲಿ ಎರಡೂ ಕೈಯಿಂದ ಸೀಟು ಹಿಡಿದು ಕೂತಿದ್ದ. ಸೂಡಿಯ ಹತ್ತಿರ ಕುರಿ ಹಿಂಡು ಅಡ್ಡ ಬಂದಾಗ ಕೈಬ್ರೇಕು ಜಗ್ಗಿದೆ. ಗಾಡಿ ಕುರಿಯ ಬಾಲದ ಬಳಿ ನಿಂತಿತು. ಕುರಿಗಾರ ನನ್ನನ್ನು ಬೈದ, ಅಣ್ಣನೂ ಬೈದ. ನನಗೆ ಇಬ್ಬರ ಬೈಗುಳವೂ ಸಿಹಿಯಾಗಿತ್ತು.

ರೋಣದಲ್ಲಿ ಗಿರಣಿಯ ಅಂಗಳಕ್ಕೆ ಗಾಡಿ ಹೊಕ್ಕಾಗ ಅತ್ತಿಗೆ ಹೊರಗೆ ಬಂದರು. ಅಣ್ಣನ ಹೆಂಡತಿ. ನಿಜವಾಗಿ ಗಿರಣಿಯನ್ನು ನಡೆಸುತ್ತಿದ್ದವರು ಅವರೇ. ಯಾರ ಕಾಳು ಮೊದಲು, ಯಾರದು ಆಮೇಲೆ, ಕಲ್ಲು ಯಾವಾಗ ಕುಟ್ಟಿಸಬೇಕು, ಎಲ್ಲ ಅವರ ನಾಲಿಗೆಯ ಮೇಲೆ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಹಿಂದುಗಡೆ ಚೀಲಗಳ ಕೆಳಗಿನಿಂದ ಇಣುಕುತ್ತಿದ್ದ ಒಂದು ಉದ್ದನೆಯ ಕಬ್ಬಿಣದ ಕೊಳವೆಯನ್ನು ತೋರಿಸಿದರು.

"ಇದೇನು ತಮ್ಮಾ? ಹೆಚ್ಚಿನ ಸಾಮಾನೇನು?"

ಹೆಚ್ಚಿನದಲ್ಲ. ಅದು ಮುಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಶಾಫ್ಟು. ಅದು ಇದ್ದರೆ ನಾಲ್ಕೂ ಗಾಲಿ ಎಳೆಯುತ್ತವೆ, ಇಲ್ಲದಿದ್ದರೆ ಜೀಪೂ ಬರೀ ಒಂದು ಮೋಟಾರೇ. ಗುತ್ತಿಗೆದಾರ ಅದನ್ನೇಕೆ ಕಳಚಿ ಹಿಂದೆ ಎಸೆದಿದ್ದ?

ಕಾರಣ ಬೇಗ ಗೊತ್ತಾಯಿತು. ಶಾಫ್ಟಿಗೆ ಗ್ರೀಸು ತುಂಬಿ ಜೋಡಿಸಿ, ನಾಲ್ಕು ಗಾಲಿಯ ಲಿವರ್ ಹಾಕಿ ಗಟ್ಟಿ ರಸ್ತೆಯ ಮೇಲೆ ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಯಾರೋ ಬ್ರೇಕು ಒತ್ತಿ ಹಿಡಿದಂತೆ ಗಾಡಿ ಬಿಗಿಯಾಯಿತು. ಲಿವರ್ ಅಲುಗಾಡಲಿಲ್ಲ. ಹಿಂದಕ್ಕೆ ಒಂದಿಷ್ಟು ಬಿಟ್ಟಾಗ ದಡ್ಡೆಂದು ಸದ್ದಾಗಿ ಸಡಿಲವಾಯಿತು.

"ಮುಂದಿನ ಆಕ್ಸಲ್ ಕೆಟ್ಟೈತಿ, ಅದಕ್ಕ ಅವ ಬಿಚ್ಚಿ ಒಗದಾನ," ಅಂದ ಅಣ್ಣ. "ಇನ್ನ ಸಾಕು ಬಿಡು."

ನನಗೂ ಹಾಗೇ ಅನ್ನಿಸಿತು. ಆದರೂ ಮುಂದಿನ ಆಕ್ಸಲ್ಲಿನ ಮುಚ್ಚಳ ತೆಗೆದು ನೋಡಿದೆ. ಹಲ್ಲುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಆಯಿಲ್ಲಿನಲ್ಲಿ ಕಬ್ಬಿಣದ ಚೂರಿರಲಿಲ್ಲ. ಕೆಟ್ಟಿರುವ ಯಾವುದೂ ಇಲ್ಲ, ಆದರೂ ಬಿಗಿಯಾಗುತ್ತದೆ! ಊಟಕ್ಕೆ ಕೂತರೂ ಅದೇ, ಎದ್ದರೂ ಅದೇ.

ಮರುದಿನ ಅಂಗಳದಲ್ಲಿ ಗಾಡಿಯನ್ನು ಓರೆಗಣ್ಣಿನಿಂದ ನೋಡುತ್ತಿದ್ದಾಗ ತಟ್ಟನೆ ಹೊಳೆಯಿತು. ಸುಣ್ಣದ ಕಡ್ಡಿ ತಂದು, ಮುಂದಿನ ಒಂದು ಟಾಯರಿಗೂ ಹಿಂದಿನ ಒಂದಕ್ಕೂ ನೆಲ ಮುಟ್ಟಿದಲ್ಲಿ ಗುರುತು ಹಾಕಿದೆ, ನೆಲಕ್ಕೂ ಹಾಕಿದೆ. ಗಾಡಿಯನ್ನು ಮೆಲ್ಲಗೆ ನೂಕಿ, ಗಾಲಿ ಒಂದು ಸುತ್ತು ಪೂರ್ತಿ ಉರುಳಿದಾಗ ಎಲ್ಲಿಗೆ ಬರುತ್ತದೆಂದು ಅಳೆದೆ. ಹಿಂದಿನ ಗಾಲಿ ಒಂದು ಸುತ್ತಿಗೆ ಅಂಗೈ ಅಗಲದಷ್ಟು ಹೆಚ್ಚು ದೂರ ಹೋಗುತ್ತಿತ್ತು. ಗುತ್ತಿಗೆದಾರ ಹಿಂದಿನ ಟಾಯರು ಸವೆದಾಗ ಕೈಗೆ ಸಿಕ್ಕ ದೊಡ್ಡ ಅಳತೆಯವನ್ನು ಹಾಕಿಸಿದ್ದ. ಮುಂದಿನವು ಒಂದು ಲೆಕ್ಕದಲ್ಲಿ, ಹಿಂದಿನವು ಇನ್ನೊಂದು ಲೆಕ್ಕದಲ್ಲಿ. ನಾಲ್ಕನ್ನೂ ಒಂದಕ್ಕೊಂದು ಬಿಗಿದರೆ ನಡುವಿನ ಶಾಫ್ಟು ತಿರುಚಿಕೊಳ್ಳದೆ ಇನ್ನೇನು ಮಾಡೀತು?

"ಅತ್ತಿಗೀ, ಏನೂ ಕೆಟ್ಟಿಲ್ಲ!" ಎಂದು ನಾನು ಕೂಗಿದ ಕೂಗಿಗೆ ಅವರು ಕೈಯಲ್ಲಿದ್ದ ಮೊರ ಸಮೇತ ಓಡಿ ಬಂದರು. ಅವರಿಗೆ ಸುಣ್ಣದ ಗುರುತು ತೋರಿಸಿ ಹೇಳಿದೆ. ಅವರು ಕೂತು, ಬೆರಳಿನಿಂದ ತಾವೇ ಅಳೆದು ನೋಡಿ ತಲೆದೂಗಿದರು.

"ಹಂಗಾರ ಮುಂದಿನಂಥಾವು ಇನ್ನೆರಡು ಬೇಕಲ್ಲ? ನರಗುಂದದಾಗ ನಮ್ಮಣ್ಣನ ಹತ್ತಿ ಬಂಡಿಗೆ ಇಂಥಾವ ರಬ್ಬರ್ ಗಾಲಿ ಅದಾವು. ಈ ದೊಡ್ಡವನ್ನ ಅವ್ಗ ಕೊಡೂಣು, ಅವನ್ನ ನಾವ್ ತರೂಣು."

ನರಗುಂದ ಅವರ ತವರು. ಅವರ ಅಣ್ಣ ಹತ್ತಿಯ ವ್ಯಾಪಾರಿ. ನಾನು ಅಣ್ಣನ ಮುಖ ನೋಡಿದೆ. ಅಣ್ಣ ಗಿರಣಿಯ ಒಳಗೆ ಇಂಜಿನ್ನಿಗಾಗಿ ಕಟ್ಟೆ ಕಟ್ಟಿಸುತ್ತಿದ್ದ. "ಹೋಗಿ ಬರ್ರಿ," ಅಂದ ಬೇಸರದಿಂದ. "ಕಟ್ಟಿ ಒಣಗಲಿ. ಫಿಟರ್ ಬಂದ ದಿನ ನಾ ಯಾರ ಮಾತೂ ಕೇಳಾವಲ್ಲ."

ಬ್ರೇಕಿನ ರಬ್ಬರುಗಳು ಗದಗಿನಿಂದ ಬಂದಿದ್ದವು. ಹಾಕಿ, ಬ್ರೇಕಿನ ಕೊಳವೆಯ ಗಾಳಿ ತೆಗೆದು, ಅತ್ತಿಗೆಯನ್ನು ಕೂರಿಸಿಕೊಂಡು ನರಗುಂದಕ್ಕೆ ಹೊರಟೆ. ಹೋಗುವಾಗ ರಸ್ತೆ ಒಣಗಿತ್ತು. ಅತ್ತಿಗೆಯ ಅಣ್ಣ, ತನ್ನ ತಂಗಿ ಮೋಟಾರಿನಲ್ಲಿ ಬಂದದ್ದನ್ನು ಕಂಡು ಬೆರಗಾಗಿ, ದೊಡ್ಡ ಟಾಯರು ನೋಡಿ ಖುಷಿಯಾಗಿ, ಬಂಡಿಯ ಗಾಲಿ ಬಿಚ್ಚಲು ತಾನೇ ಕೈಹಚ್ಚಿದ. ಗುಡ್ಡದ ಮೇಲೆ ಮೋಡ ಕಟ್ಟುವ ಹೊತ್ತಿಗೆ ನಾಲ್ಕೂ ಗಾಲಿ ಒಂದೇ ಅಳತೆಯವಾಗಿದ್ದವು. ಊಟ ಮುಗಿಸುವಷ್ಟರಲ್ಲಿ ಮಳೆ ಸುರಿದು ನಿಂತಿತು.

ಎರೆಭೂಮಿಯ ಮೇಲೆ ಮಳೆ ಬಿದ್ದ ಮೇಲೆ ಆ ಸೀಮೆಯಲ್ಲಿ ಗಾಲಿ ಇದ್ದದ್ದು ಯಾವುದೂ ಓಡುತ್ತಿರಲಿಲ್ಲ. ಚಪ್ಪಲಿಗೆ ಹತ್ತಿದ ಮಣ್ಣನ್ನೇ ಹತ್ತು ಹೆಜ್ಜೆಗೊಮ್ಮೆ ಕೆರೆಯಬೇಕು. "ಇಲ್ಲೇ ಇದ್ದು ನಾಳಿಗೆ ಹೋಗ್ರಿ," ಅಂದರು ಎಲ್ಲರೂ. ಅತ್ತಿಗೆ ನನ್ನತ್ತ ನೋಡಿದರು. "ನೀ ಏನಂತಿ?"

"ನೋಡೇಬಿಡೂಣು," ಅಂದೆ.

ಊರು ದಾಟಿ ಕೆಸರು ಶುರುವಾದಲ್ಲಿ ಮುಂದಿನ ಗಾಲಿಗಳನ್ನು ಕೂಡಿಸಿ, ತಗ್ಗಿನ ಗೇರು ಹಾಕಿದೆ. ಆ ಕ್ಷಣವನ್ನು ಹೇಗೆ ಹೇಳಲಿ! ಅದುವರೆಗೆ ಹಿಂದಿನಿಂದ ನೂಕಿಸಿಕೊಂಡು ಹೋಗುತ್ತಿದ್ದ ಗಾಡಿ, ಈಗ ಮುಂದಿನ ಎರಡು ಕಾಲನ್ನೂ ನೆಲಕ್ಕೆ ಊರಿ ಏಳತೊಡಗಿತು. ಬಾಗಿಲಿಲ್ಲದ ಬದಿಯಿಂದ ಕೆಸರು ಹಾರಿ ನಮ್ಮ ಮೈಯೆಲ್ಲ ಕರಿ ಚುಕ್ಕೆ. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಗುತ್ತಿದ್ದರು. "ನಿಂದರಸಬ್ಯಾಡ, ನಿಂದರಸಬ್ಯಾಡ!"

ಬೆಣ್ಣಿಹಳ್ಳದಲ್ಲಿ ನೀರು ಇನ್ನೂ ಮೊಣಕಾಲಿನೊಳಗೇ ಇತ್ತು. ಫ್ಯಾನು ನೀರನ್ನು ಎರಚಿ ಪ್ಲಗ್ಗು ತೋಯಿಸದಂತೆ ಫ್ಯಾನಿನ ಬೆಲ್ಟು ಕಳಚಿ ದಾಟಿದೆವು. ಆಚೆ ದಂಡೆಯ ಏರಿನಲ್ಲಿ ರೋಣದ ಬಸ್ಸು ಹಿಂದಿನ ಗಾಲಿಗಳ ಅಚ್ಚಿನವರೆಗೆ ಹೂತು ನಿಂತಿತ್ತು. ನಮಗಿಂತ ಮುಂಚೆ ನರಗುಂದ ಬಿಟ್ಟ ಬಸ್ಸು. ಜನ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಕೆಳಗೆ ನಿಂತಿದ್ದರು. ಅವರ ನಡುವಿನಿಂದ ಒಬ್ಬರು ಎರಡು ದೊಡ್ಡ ಥರ್ಮಾಸ್ ಫ್ಲಾಸ್ಕುಗಳನ್ನು ಕೂಸಿನಂತೆ ಎದೆಗವಚಿಕೊಂಡು ನಮ್ಮ ಕಡೆ ಓಡಿ ಬಂದರು. ದನದ ಡಾಕ್ಟರು.

"ಬೆಳವಣಕಿಗೆ ಒಯ್ತೀರೇನ್ರಿ? ಅಲ್ಲಿ ಪಕ್ಕದ ಹಳ್ಳ್ಯಾಗ ದೊಡ್ಡ ಬ್ಯಾನಿ ಬಿದ್ದೈತಿ. ದನಕ್ಕ ಹಾಕೂ ಸೂಜಿಮದ್ದು ಇದರಾಗೈತಿ. ಬರ್ಫ ಕರಗಿದ್ರ ಮದ್ದು ನೀರಿಗೆ ಸಮ."

ದೊಡ್ಡ ಬೇನೆ ಅಂದರೆ ಆಗಿನ ಕಾಲಕ್ಕೆ ಒಕ್ಕಲಿಗನ ಎದೆ ನಡುಗಿಸುವ ಹೆಸರು. ಹಟ್ಟಿಗೆ ಹೊಕ್ಕರೆ ಎತ್ತು ಆಕಳೆನ್ನದೆ ಸಾಲಾಗಿ ಮಲಗಿಸುತ್ತಿತ್ತು. ನಾನು ಹತ್ತ್ರಿ ಎನ್ನುವಷ್ಟರಲ್ಲಿ ಬಸ್ಸಿನ ಡ್ರೈವರ್ ಅಡ್ಡ ನಿಂತ. ಬಸ್ಸು ದಾರಿಯನ್ನೇ ಕಟ್ಟಿತ್ತು. ಎರಡೂ ಬದಿ ಆಳವಾದ ಕೊರಕಲು. ಮೊದಲು ಬಸ್ಸನ್ನು ಜಗ್ಗಿ ಕೊಟ್ಟು ಹೋಗಿ ಎಂದು ಅವನು ಕೈಮುಗಿದ. ಸ್ವಲ್ಪ ಹಿಂದೆ, ಕೊರಕಲು ಶುರುವಾಗುವ ಮೊದಲೇ, ಒಂದು ಕಾಲುದಾರಿಯ ಕಡಿದಾದ ಏರಿತ್ತು. ಅದರಲ್ಲಿ ಹೇಗೋ ಜೀಪು ಹತ್ತಿಸಿ ಬಸ್ಸಿನ ಎದುರಿಗೆ ತಂದೆ. ಆ ಏರನ್ನು ಮತ್ತೊಮ್ಮೆ ಹತ್ತುವ ಧೈರ್ಯ ನನಗೆ ಈಗಲೂ ಇಲ್ಲ.

ಬಸ್ಸಿನ ಮೇಲಿದ್ದ ಹಗ್ಗಗಳನ್ನು ಹುರಿ ಮಾಡಿ ಬಿಗಿದು ಜಗ್ಗಿದೆ. ನಾಲ್ಕೂ ಗಾಲಿ ಗಿರ್ರೆಂದು ತಿರುಗಿ ಜೀಪೇ ಕೆಳಗಿಳಿಯಿತು. ಬಸ್ಸು ಅಲುಗಲಿಲ್ಲ. ಜನ ಹೋ ಎಂದು ನಿರಾಸೆಯ ಸದ್ದು ಮಾಡಿದರು. ಇಳಿದು ನೋಡಿದೆ. ಟಾಯರುಗಳ ಗೆರೆಗಳೆಲ್ಲ ಮಣ್ಣಿನಿಂದ ತುಂಬಿ ನುಣುಪಾಗಿದ್ದವು. ಟಾಯರಿನ ಗಾಳಿಯನ್ನು ಅರ್ಧದಷ್ಟು ಇಳಿಸಿದೆ, ಅವು ಚಪ್ಪಟೆಯಾಗಿ ನೆಲ ಅಗಲಿಸಿ ಹಿಡಿಯಲಿ ಎಂದು. ಜನ ಜಾಲಿಯ ಟೊಂಗೆ ಕಡಿದು ತಂದು ಗಾಲಿಗಳ ಕೆಳಗೆ ಹಾಸಿದರು. ಆದರೆ ಹಿಂದಿನಿಂದ ನೂಕುವವರು ಒಬ್ಬರು ಈಗ, ಒಬ್ಬರು ಆಗ. ಅತ್ತಿಗೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ದಿಬ್ಬದ ಮೇಲೆ ಹತ್ತಿ ನಿಂತರು. ಗಿರಣಿಯ ಸದ್ದಿನ ಮೇಲೆ ಕೂಗಿ ಪಳಗಿದ ಗಂಟಲು ಅದು.

"ಎಲ್ಲಾರೂ ಕೇಳ್ರಿ! ನಾ ಹೂಂ ಅಂದಾಗ ಒಮ್ಮೆಲೆ ನೂಕ್ರಿ. ಹೆಣ್ಮಕ್ಕಳೂ ಬರ್ರಿ, ನಿಂತು ನೋಡಾಕ ಇದೇನು ಬಯಲಾಟ ಅಲ್ಲ. ತಮ್ಮಾ, ತಯಾರೇನು? ಹೂಂ!"

ಕ್ಲಚ್ಚನ್ನು ಮೆಲ್ಲಗೆ ಬಿಟ್ಟೆ. ಹಗ್ಗ ಬಿಗಿದು ಮಿಡಿಯಿತು. ಇಂಜಿನ್ನಿನ ಸದ್ದು ಇಳಿಯಿತು, ಇನ್ನೇನು ನಿಲ್ಲುತ್ತದೆ ಅನ್ನುವಲ್ಲಿ ಟೊಂಗೆಗಳು ಪಟಪಟ ಮುರಿದು, ಗಾಲಿ ಹಿಡಿಯಿತು. ಬಸ್ಸು ಕೆಸರಿನಿಂದ ಚಪ್ಪರಿಸಿದಂಥ ಸದ್ದು ಮಾಡುತ್ತ ಎದ್ದು ನನ್ನ ಹಿಂದೆಯೇ ಗರಸಿನ ಗಟ್ಟಿ ನೆಲಕ್ಕೆ ಬಂತು. ಜನ ಕುಣಿದರು. ಡ್ರೈವರ್ ಬಂದು ನನ್ನನ್ನಲ್ಲ, ಬಾನೆಟ್ಟನ್ನು ಅಪ್ಪಿಕೊಂಡ. ಅವನ ಬಸ್ಸು ರಸ್ತೆ ಆರುವವರೆಗೆ ಅಲ್ಲಿಯೇ ನಿಂತಿತು. ನಾವು ಡಾಕ್ಟರನ್ನು ಹತ್ತಿಸಿಕೊಂಡು ಬೆಳವಣಕಿಗೆ ಹೊರಟೆವು.

ಅಲ್ಲಿ ಒಕ್ಕಲಿಗರು ದನಗಳನ್ನು ಸಾಲಾಗಿ ಕಟ್ಟಿಕೊಂಡು ಕಾಯುತ್ತಿದ್ದರು. ಡಾಕ್ಟರು ಫ್ಲಾಸ್ಕಿನ ಬಾಯಿ ತೆರೆದು ಒಳಗೆ ಬೆರಳಿಟ್ಟರು. "ಐತಿ! ಇನ್ನೂ ಬರ್ಫ ಐತಿ!" ಒಣ ಪುಡಿಯಂಥ ಮದ್ದನ್ನು ತಣ್ಣನೆಯ ಉಪ್ಪುನೀರಿನಲ್ಲಿ ಕಲಸಿ, ಒಂದೊಂದು ದನದ ಕೊರಳ ಚರ್ಮ ಎತ್ತಿ ಸೂಜಿ ಹಾಕುತ್ತ ಹೋದರು. ಅತ್ತಿಗೆ ಸೂಜಿ ಕುದಿಸುವ ನೀರಿನ ಉಸ್ತುವಾರಿ ವಹಿಸಿಕೊಂಡರು. ನಾನು ಎತ್ತುಗಳ ಮೂಗುದಾರ ಹಿಡಿದೆ. ಕೆಲಸ ಮುಗಿದಾಗ ಡಾಕ್ಟರು ಕೈ ತೊಳೆಯುತ್ತ ಕೇಳಿದರು:

"ಕೊಣ್ಣೂರ ಕಡೆ ಹೊಳೀಸಾಲಿನ ಹಳ್ಳಿ ಇನ್ನೂ ಹಂಗ ಅದಾವು. ಈ ಮಳಿಗಾಲ ಮುಗಿಯೂಮಟ ಈ ಗಾಡಿ ನನಗ ಬಾಡಗಿ ಕೊಡ್ತೀರೇನು?"

"ಗಾಡಿ ಇದ್ರ ಕೊಡ್ತೀವ್ರಿ," ಅಂದರು ಅತ್ತಿಗೆ. ನಾನು ತಲೆ ತಗ್ಗಿಸಿದೆ.

ರೋಣದಲ್ಲಿ ಅಣ್ಣ ಎಲ್ಲವನ್ನೂ ಕೇಳಿದ. ಒಳ್ಳೆಯದಾಯಿತು ಎಂದೂ ಅಂದ. ಆದರೆ ಕಟ್ಟೆ ಒಣಗಿತ್ತು. ಎರಡೂ ಉಳಿಯುವ ಒಂದು ದಾರಿ ನನ್ನ ತಲೆಯಲ್ಲಿತ್ತು. ಗಾಡಿಯ ಹಿಂದಿನ ಒಂದು ಗಾಲಿ ಎತ್ತಿ, ಅಲ್ಲಿ ಕಟ್ಟಿಗೆಯ ರಾಟೆ ಬಿಗಿದು, ಪಟ್ಟಾ ಹಾಕಿ ಗಿರಣಿ ತಿರುಗಿಸುವುದು. ಮುಂಜಾನೆ ಗಿರಣಿ, ಆಮೇಲೆ ರಸ್ತೆ! ಬಡಿಗನಿಂದ ರಾಟೆ ಮಾಡಿಸಿ ಜೋಡಿಸಿದೆ. ಕಲ್ಲು ತಿರುಗಿತು. ಬೆಚ್ಚನೆಯ ಜೋಳದ ಹಿಟ್ಟು ಉದುರಿತು. ಅಣ್ಣನ ಮುಖ ಅರಳಿದ್ದನ್ನು ಎಷ್ಟೋ ದಿನದ ಮೇಲೆ ನೋಡಿದೆ. ಆದರೆ ನಿಂತ ಗಾಡಿಗೆ ಎದುರು ಗಾಳಿ ಎಲ್ಲಿಯದು? ಅರ್ಧ ಚೀಲ ಬೀಸುವಷ್ಟರಲ್ಲಿ ರೇಡಿಯೇಟರ್ ಕೊತಕೊತ ಕುದಿಯಿತು. ಒಂದೇ ಗಾಲಿಯ ಮೇಲೆ ಎಲ್ಲ ಭಾರ ಬಿದ್ದು ಹಿಂದಿನ ಆಕ್ಸಲ್ಲಿನಿಂದ ಸುಟ್ಟ ಆಯಿಲ್ಲಿನ ವಾಸನೆ ಬಂತು. ನಾನೇ ಬಂದ್ ಮಾಡಿದೆ.

"ಹಿಂಗ ಓಡಿಸಿದ್ರ ಗಿರಣೀನೂ ಉಳಿಯಂಗಿಲ್ಲ, ಗಾಡೀನೂ ಉಳಿಯಂಗಿಲ್ಲ ಅಣ್ಣಾ. ಎರಡರಾಗ ಒಂದ."

ಫಿಟರ್ ಬಂದ ದಿನ ಅವನು ಪಾನೆ, ಸುತ್ತಿಗೆಗಳ ಚೀಲ ಬಿಚ್ಚಿ ಕಟ್ಟೆಯ ಮೇಲೆ ಹರವಿದ. ನಾನು ಅಂಗಳದ ತುದಿಯಲ್ಲಿ ನಿಂತಿದ್ದೆ. ಮಾತಿನಂತೆ ನನಗೆ ಬಾಯಿ ತೆರೆಯುವ ಹಕ್ಕಿರಲಿಲ್ಲ. ಫಿಟರ್ ಬಾನೆಟ್ಟಿಗೆ ಕೈಹಾಕಿದಾಗ ಅತ್ತಿಗೆ ಒಳಗಿನಿಂದ ಬಂದರು.

"ಸ್ವಲ್ಪ ನಿಂದರ್ರಿ." ಆಮೇಲೆ ಅಣ್ಣನಿಗೆ, "ಅಲ್ರಿ, ನಾ ಒಂದ ಕೇಳ್ತೀನಿ. ನಮ್ಮ ಗಿರಣಿ ಬಂದಾದಾಗಿಂದ ಊರ ಮಂದಿ ರೊಟ್ಟಿ ತಿನ್ನೂದು ಬಿಟ್ಟಾರೇನು?"

"ಆ ಕಡೆ ಓಣ್ಯಾಗಿನ ಗಿರಣಿಗೆ ಹೊಂಟಾರ," ಅಂದ ಅಣ್ಣ. "ಅದಕ್ಕ ನನ್ನ ಹೊಟ್ಟಿ ಉರಿಯೂದು."

"ಉರೀಲಿ. ನನಗೂ ಉರೀತೈತಿ. ಆ ಬಾಗಲಾ ತಗಿಯೂದು ನಿಮಗಿಂತ ನನಗ ಹೆಚ್ಚು ಬೇಕು. ಆದ್ರ ಕಾಳು ಬೀಸಾಕ ಇನ್ನೊಂದು ಗಿರಣಿ ಐತಿ. ಮಳಿ ಬಿದ್ದ ಮ್ಯಾಲೆ ಇಲ್ಲಿಂದ ಕೊಣ್ಣೂರಮಟ ಹೋಗಾಕ ಇನ್ನೊಂದು ಗಾಡಿ ಐತೇನ್ರಿ? ಒಂದ ಐತಿ. ಅದನ್ನ ಬಿಚ್ಚಿ ಕಲ್ಲಿಗೆ ಕಟ್ಟಾಕ ನಿಂತೀರಿ."

"ಮತ್ತ ನೀ ಏನ್ ಮಾಡಾಕಿ, ಗಿರಣಿ ಇಲ್ಲದ?"

"ಕಾಯ್ತೀನಿ. ಈ ಗಾಡಿ ದುಡದು ಹೊಸ ಇಂಜಿನ್ ತರೂಮಟ ಕಾಯ್ತೀನಿ."

ಅಣ್ಣ ಗಾಡಿಯ ಸುತ್ತ ನಡೆದ. ಮುಂದಿನ ಗಾಲಿಯನ್ನು ಕಾಲಿನಿಂದ ಒಮ್ಮೆ ಒದ್ದ, ಹಿಂದಿನದನ್ನೂ ಒದ್ದ. ಕೊನೆಗೆ ಫಿಟರ್ ಕಡೆ ತಿರುಗಿ, "ಚಹಾ ಕುಡದು ಹೋಗ್ರಿ. ನಿಮಗ ತ್ರಾಸು ಕೊಟ್ಟೆ," ಅಂದ. ನನಗೆ ಹಾರಿ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಅವನ ಮುಖದಲ್ಲಿ ನಗು ಇರಲಿಲ್ಲವಾದ್ದರಿಂದ ಹೋಗಿ ಬಾನೆಟ್ಟಿನ ಕೊಕ್ಕೆ ಬಿಗಿದೆ.

ಮುಂದಿನ ವಾರ ಡಾಕ್ಟರೊಂದಿಗೆ ಕೊಣ್ಣೂರಿಗೆ ಹೊರಟಾಗ ಅಣ್ಣನೂ ಹತ್ತಿ ಕೂತ. ಮಲಪ್ರಭೆ ಕೆಂಪಗೆ ತುಂಬಿ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಡಾಕ್ಟರು ಫ್ಲಾಸ್ಕು ನೋಡಿ ಚಡಪಡಿಸಿದರು. ಬಡಿಗೆಯಿಂದ ಅಳೆದು ನೋಡಿ ನಾನು ಒಲ್ಲೆ ಅಂದೆ. ಕೆಸರು ಬೇರೆ, ಹರಿಯುವ ನೀರು ಬೇರೆ. ಕಾದೆವು. ಇಳಿಹೊತ್ತಿಗೆ ಮುನ್ನ ಸೇತುವೆಯ ಕಲ್ಲು ಕಾಣತೊಡಗಿದಾಗ ದಾಟಿದೆವು. ಆಚೆ ದಂಡೆಯಲ್ಲಿ ಜನ ದನಗಳನ್ನು ಹಿಡಿದುಕೊಂಡು ಸಾಲು ನಿಂತಿದ್ದರು. ಅಣ್ಣ ಧೋತರ ಮೇಲಕ್ಕೆ ಕಟ್ಟಿ, ಯಾರೂ ಹೇಳದೆ ಹೋಗಿ, ಹಾಯುವ ಎತ್ತುಗಳ ಕೊಂಬು ಹಿಡಿದು ನಿಂತ. ಕೊನೆಯ ಕರುವಿಗೆ ಸೂಜಿ ಹಾಕಿದಾಗ ಅವನ ಮೈಯೆಲ್ಲ ಸಗಣಿ, ಮುಖವೆಲ್ಲ ಬೆವರು.

ಆ ಮಳೆಗಾಲ ಅಂಥ ಎಷ್ಟೋ ಹಳ್ಳಿಗಳಿಗೆ ಹೋದೆವು. ನಾವು ಹೋದ ಹಟ್ಟಿಗಳಲ್ಲಿ ಬೇನೆ ನಿಂತಿತು. ಮುಂದಿನ ಸುಗ್ಗಿಯ ಹೊತ್ತಿಗೆ ಗಿರಣಿಗೆ ಹೊಸ ಆಯಿಲ್ ಇಂಜಿನ್ ಬಂತು, ಅತ್ತಿಗೆ ತಾವೇ ಬಾಗಿಲು ತೆಗೆದರು. ಆದರೆ ನನಗೆ ಈಗಲೂ ಎದ್ದು ಕಾಣುವುದು ಕೊಣ್ಣೂರಿನಿಂದ ಮರಳುವಾಗ ಆದದ್ದು. ಹೊಳೆ ದಾಟಿ ಬಯಲು ಸಿಕ್ಕಿದ ಕೂಡಲೆ ಅಣ್ಣ, "ನಿಂದರಸು," ಅಂದ. ಇಳಿದು ಬಂದು ನನ್ನನ್ನು ಪಕ್ಕಕ್ಕೆ ಸರಿಸಿ ಸ್ಟೇರಿಂಗಿನ ಮುಂದೆ ಕೂತ.

"ಆ ತಗ್ಗಿನ ಗೇರು ಯಾವುದು ತೋರಸು."

ಅವನ ಕೈಯನ್ನು ಲಿವರಿನ ಮೇಲಿಟ್ಟೆ. ಕ್ಲಚ್ಚು ಮೆಲ್ಲಗೆ, ಮೆಲ್ಲಗೆ ಎಂದೆ. ಅವನು ಒಮ್ಮೆಲೆ ಬಿಟ್ಟ. ಗಾಡಿ ಹಗ್ಗ ಹರಿದ ಕರುವಿನಂತೆ ಜಿಗಿದು, ಕೆಮ್ಮಿ, ನಿಂತುಬಿಟ್ಟಿತು. ಹಿಂದೆ ಕೂತಿದ್ದ ಡಾಕ್ಟರು ಖಾಲಿ ಫ್ಲಾಸ್ಕು ಅವಚಿಕೊಂಡು ಬಿದ್ದು ಬಿದ್ದು ನಕ್ಕರು. ಅಣ್ಣ ಅವರ ಕಡೆ ತಿರುಗಿಯೂ ನೋಡಲಿಲ್ಲ.

"ಲಗೂ ಹ್ಯಾಂಡಲ್ ಹೊಡಿ," ಅಂದ ನನಗೆ. "ಇನ್ನೊಮ್ಮೆ."